ಮ್ಯೂನಿಕ್‌ಗೆ ಹೊಸದಾಗಿ ಬಂದ ಕುಟುಂಬಗಳಿಗೆ: ಯು-ಬಾನ್, ಎಸ್-ಬಾನ್ ಹತ್ತೋ ಮುಂಚೆ ಓದಿ

ನಮಸ್ಕಾರ. ಮನೆ ಸಿಕ್ಕಿರಲಿ ಬಿಡಲಿ, ಬಂದ ಮಾರನೇ ದಿನದಿಂದ್ಲೇ ನಿಮಗೆ ಟ್ರೈನು ಬೇಕೇ ಬೇಕು. ಯು-ಬಾನ್ ಅಂದ್ರೆ ಇಲ್ಲಿನ ಮೆಟ್ರೋ, ಎಸ್-ಬಾನ್ ಅಂದ್ರೆ ಊರ ಹೊರಗಿನವರೆಗೂ ಹೋಗೋ ಲೋಕಲ್ ಟ್ರೈನು. ನಾವು ಬಂದಾಗ ಹೇಳಿಕೊಡೋರು ಯಾರೂ ಇರ್ಲಿಲ್ಲ, ನಿಮಗೆ ಹಾಗಾಗಬಾರದು ಅಂತ ನಮ್ಮ ಕನ್ನಡ ಸಂಘದ ಕಡೆಯಿಂದ ಇದನ್ನ ಬರೀತಿದೀನಿ.

ಗೇಟ್ ಇಲ್ಲ ಅಂತ ಹಾಗೇ ಒಳಗೆ ಹೋಗ್ಬೇಡಿ

ಬೆಂಗಳೂರಲ್ಲಿ ನಮ್ಮ ಮೆಟ್ರೋಗೆ ಟೋಕನ್ನೋ ಕಾರ್ಡೋ ಮುಟ್ಟಿಸದೆ ಗೇಟ್ ತೆಗೆಯಲ್ಲ, ಏನಾದ್ರೂ ತಪ್ಪಾಗಿದ್ರೆ ಅಲ್ಲೇ ಗೊತ್ತಾಗತ್ತೆ. ಇಲ್ಲಿ ಗೇಟೇ ಇಲ್ಲ. ಎಸ್ಕಲೇಟರ್ ಇಳಿದ್ರೆ ಸೀದಾ ಪ್ಲಾಟ್‌ಫಾರ್ಮ್. ನಾವು ಬಂದ ಎರಡನೇ ವಾರ, ಯಜಮಾನ್ರು ನಾನು ಇಬ್ರೂ ಮೆಷಿನ್ನಲ್ಲಿ ದಿನದ ಟಿಕೆಟ್ ತಗೊಂಡು, ದುಡ್ಡು ಕೊಟ್ಟಾಯ್ತಲ್ಲ ಅಂತ ಪರ್ಸಲ್ಲಿಟ್ಕೊಂಡು ಕೂತ್ವಿ. ಸೆಂಡ್ಲಿಂಗರ್ ಟೋರ್ ದಾಟ್ತಿದ್ದ ಹಾಗೆ, ಅಲ್ಲೀವರೆಗೂ ಎದುರು ಸೀಟಲ್ಲಿ ಮೊಬೈಲ್ ನೋಡ್ತಾ ಕೂತಿದ್ದ ಜೀನ್ಸ್ ಹಾಕಿದ ಹುಡುಗ ಎದ್ದು ನಿಂತು ಕಾರ್ಡ್ ತೋರಿಸಿದ. ನಮ್ಮ ಟಿಕೆಟ್ಟನ್ನ ಹಿಂದೆ ಮುಂದೆ ತಿರುಗಿಸಿ ನೋಡಿ, ಖಾಲಿ ಬಿಳಿ ಜಾಗದ ಮೇಲೆ ಹೆಬ್ಬೆರಳಿಟ್ಟು ‘ಸ್ಟ್ಯಾಂಪ್ ಎಲ್ಲಿ?’ ಅಂದ. ತಲೆಗೆ 60 ಯೂರೋ ದಂಡ. ಇಡೀ ಬೋಗಿ ನಮ್ಮನ್ನೇ ನೋಡ್ತಿತ್ತು, ನಾವು ಯಾವತ್ತೂ ಟಿಕೆಟ್ ಇಲ್ಲದೆ ಬಸ್ ಹತ್ತಿದವರಲ್ಲ. ದುಡ್ಡು ಹೋಗಿದ್ದಕ್ಕಿಂತ ಆ ಅವಮಾನ ನಂಗೆ ಈಗ್ಲೂ ಮರೆತಿಲ್ಲ.

ಆದ್ರಿಂದ ಚೆನ್ನಾಗಿ ಕೇಳಿಸ್ಕೊಳ್ಳಿ. ಟಿಕೆಟ್ ಮೇಲೆ ‘ಬಿಟ್ಟೆ ಎಂಟ್ವೇರ್ಟನ್’ ಅಂತ ಇದ್ರೆ ಅದಕ್ಕೆ ನೀವೇ ಸ್ಟ್ಯಾಂಪ್ ಹಾಕ್ಬೇಕು. ಪ್ಲಾಟ್‌ಫಾರ್ಮಿಗೆ ಇಳಿಯೋ ಮುಂಚೆ ಇಂಗ್ಲಿಷಿನ ಇ ಅಕ್ಷರ ಇರೋ ಚಿಕ್ಕ ಬಾಕ್ಸ್ ಇರತ್ತೆ, ಅದರೊಳಗೆ ಟಿಕೆಟ್ ತೂರಿಸಿ, ಕಟಕ್ ಅಂತ ಶಬ್ದ ಬಂದು ಟೈಮ್ ಅಚ್ಚಾಯ್ತಾ ಅಂತ ಕಣ್ಣಲ್ಲಿ ನೋಡ್ಕೊಂಡು ಆಮೇಲೆ ಮುಂದೆ ಹೋಗಿ. ಹತ್ತು ಪಟ್ಟಿ ಇರೋ ಸ್ಟ್ರೈಫನ್‌ಕಾರ್ಟೆಗೂ ಇದೇ ರೂಲು. ಗೊತ್ತಿರ್ಲಿಲ್ಲ, ಹೊಸಬ್ರು ಅಂದ್ರೆ ಬಿಡಲ್ಲ. ಒಂದೇ ಸ್ಟಾಪು ತಾನೇ ಅಂತ ಟಿಕೆಟ್ ಇಲ್ದೆ ಹತ್ತೋ ನಮ್ಮವರನ್ನೂ ನೋಡಿದೀನಿ, ದಯವಿಟ್ಟು ಬೇಡ, ಪದೇ ಪದೇ ಸಿಕ್ಕಿಬಿದ್ರೆ ಕೇಸ್ ಆಗತ್ತೆ, ವೀಸಾದಲ್ಲಿರೋ ನಮಗೆ ಅದೆಲ್ಲ ಬೇಕಾ?

ಡಾಯ್ಚ್‌ಲಾಂಡ್ ಟಿಕೆಟ್

ದಿನಾ ಓಡಾಡೋರು ಇದನ್ನೇ ತಗೊಳ್ಳಿ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯ್ತು, 2025ಕ್ಕೆ 58 ಆಯ್ತು, 2026ರ ಜನವರಿಯಿಂದ ತಿಂಗಳಿಗೆ 63. ಯು-ಬಾನ್, ಎಸ್-ಬಾನ್, ಟ್ರಾಮ್, ಬಸ್, ಜರ್ಮನಿಯ ಪ್ಯಾಸೆಂಜರ್ ಟ್ರೈನುಗಳು ಎಲ್ಲಾದಕ್ಕೂ ನಡೆಯತ್ತೆ, ಐಸಿಇ, ಐಸಿ ಅನ್ನೋ ದೂರದ ಎಕ್ಸ್‌ಪ್ರೆಸ್ ಟ್ರೈನುಗಳಿಗೆ ನಡೆಯಲ್ಲ. ಇದು ಅಬೋ, ಅಂದ್ರೆ ನೀವು ಕ್ಯಾನ್ಸಲ್ ಮಾಡೋವರೆಗೂ ತಿಂಗಳು ತಿಂಗಳು ದುಡ್ಡು ಕಟ್ ಆಗ್ತಾನೇ ಇರತ್ತೆ. ಮುಂದಿನ ತಿಂಗಳಿಗೆ ಬೇಡ ಅಂದ್ರೆ ಈ ತಿಂಗಳ 10ರೊಳಗೆ ಕ್ಯಾನ್ಸಲ್ ಮಾಡಿ, 11ಕ್ಕೆ ನೆನಪಾದ್ರೆ ಇನ್ನೊಂದು ತಿಂಗಳು ಕಟ್ಟಲೇಬೇಕು.

ಟಿಕೆಟ್ಟಲ್ಲಿ ಯಾರ ಹೆಸರಿದೆಯೋ ಅವರಿಗೆ ಮಾತ್ರ. ಊರಿಂದ ಅಪ್ಪ ಅಮ್ಮ ಬಂದಾಗ ‘ಇವತ್ತು ನನಗೆ ವರ್ಕ್ ಫ್ರಮ್ ಹೋಮ್, ನನ್ನ ಟಿಕೆಟ್ ತಗೊಂಡು ಹೋಗಿ’ ಅಂತ ಕೊಟ್ಟು ಕಳಿಸ್ಬೇಡಿ, ಭಾಷೆ ಬರದ ಹಿರಿಯರನ್ನ ಚೆಕ್ಕಿಂಗ್‌ನವರ ಮುಂದೆ ನಿಲ್ಲಿಸಿದ ಹಾಗಾಗತ್ತೆ. ಅವರ ಜೊತೆ ಸುತ್ತೋಕೆ ಗ್ರುಪ್ಪನ್-ಟಾಗೆಸ್‌ಕಾರ್ಟೆ, ಅಂದ್ರೆ ಗುಂಪಿಗೆ ದಿನದ ಟಿಕೆಟ್ ತಗೊಳ್ಳಿ, ಐದು ಜನ ದೊಡ್ಡೋರವರೆಗೆ ಒಂದೇ ಟಿಕೆಟ್ಟು. ಆರು ತುಂಬದ ಮಕ್ಕಳಿಗೆ ಟಿಕೆಟ್ ಬೇಡ. 6ರಿಂದ 14ರ ಇಬ್ಬರು ಮಕ್ಕಳು ಆ ಗ್ರೂಪ್ ಟಿಕೆಟ್ಟಲ್ಲಿ ಒಬ್ಬ ದೊಡ್ಡೋರ ಲೆಕ್ಕ.

ಲೈನುಗಳು

ಯು-ಬಾನ್ ಶುರುವಾಗಿದ್ದು 1971ರಲ್ಲಿ, ಮಾರನೇ ವರ್ಷದ ಒಲಿಂಪಿಕ್ಸ್‌ಗೆ ಮುಂಚೆ. ಕೊನೇ ಸ್ಟೇಷನ್ ಹೆಸರು ನೆನಪಿಟ್ಕೊಳ್ಳಿ, ಬೋರ್ಡಲ್ಲಿ ಅದನ್ನೇ ಹಾಕಿರ್ತಾರೆ.

ಯು1: ಒಲಿಂಪಿಯಾ ಐನ್‌ಕೌಫ್ಸ್‌ಸೆಂಟ್ರುಮ್ – ಮಾಂಗ್‌ಫಾಲ್‌ಪ್ಲಾಟ್ಸ್
ಯು2: ಫೆಲ್ಡ್‌ಮೋಹಿಂಗ್ – ಮೆಸ್ಸೆಶ್ಟಾಟ್ ಓಸ್ಟ್
ಯು3: ಮೋಸಾಖ್ – ಫ್ಯುರ್ಸ್ಟನ್‌ರೀಡ್ ವೆಸ್ಟ್ (ಬಿಎಂಡಬ್ಲ್ಯೂ, ಒಲಿಂಪಿಕ್ ಪಾರ್ಕಿಗೆ ಇದೇ)
ಯು4: ವೆಸ್ಟೆಂಡ್‌ಶ್ಟ್ರಾಸೆ – ಅರಾಬೆಲ್ಲಾಪಾರ್ಕ್
ಯು5: ಲೈಮರ್ ಪ್ಲಾಟ್ಸ್ – ನೋಯ್‌ಪೆರ್‌ಲಾಖ್ ಸ್ಯೂಡ್
ಯು6: ಗಾರ್ಶಿಂಗ್ ಫೋರ್ಶುಂಗ್ಸ್‌ಸೆಂಟ್ರುಮ್ – ಕ್ಲೀನಿಕುಮ್ ಗ್ರೋಸ್‌ಹಾಡರ್ನ್ (ಓದೋಕೆ ಬಂದಿರೋ ನಮ್ಮ ಹುಡುಗರೆಲ್ಲ ಗಾರ್ಶಿಂಗ್ ಕಡೆ)

ಯು3, ಯು6 ಊರೊಳಗೆ ಒಂದೇ ಹಳಿ ಮೇಲೆ ಬರ್ತವೆ, ಮ್ಯೂನ್ಶ್ನರ್ ಫ್ರೈಹೈಟ್ ದಾಟಿದ ಮೇಲೆ ಬೇರೆ ಆಗ್ತವೆ. ಬಂದಿದ್ದಕ್ಕೆಲ್ಲ ಹತ್ತಬೇಡಿ.

ಏರ್‌ಪೋರ್ಟಿಗೆ ಹೋಗೋದು

ಏರ್‌ಪೋರ್ಟಿಗೆ ಎಸ್1 ಹೋಗತ್ತೆ, ಎಸ್8 ಕೂಡ ಹೋಗತ್ತೆ, ಆದ್ರೆ ಊರ ಮಧ್ಯದಿಂದ ಎರಡೂ ಉಲ್ಟಾ ದಿಕ್ಕಿಗೆ ಹೊರಡ್ತವೆ. ಎಸ್1 ಪಶ್ಚಿಮಕ್ಕೆ ಲೈಮ್ ಕಡೆಯಿಂದ, ಎಸ್8 ಪೂರ್ವಕ್ಕೆ ಓಸ್ಟ್‌ಬಾನ್‌ಹೋಫ್ ಕಡೆಯಿಂದ. ಊರ ಮಧ್ಯದ ಮರೀಯನ್‌ಪ್ಲಾಟ್ಸ್ ಸ್ಟೇಷನ್ನಲ್ಲಿ ಈ ಎರಡು ದಿಕ್ಕಿಗೂ ಬೇರೆ ಬೇರೆ ಅಂತಸ್ತು, ಅದರ ಕೆಳಗೆ ಯು3 ಯು6. ಒಂದು ತಪ್ಪಿತು ಅಂತ ಇನ್ನೊಂದು ಹಿಡಿಯೋಕೆ ಸೂಟ್‌ಕೇಸ್ ಎತ್ಕೊಂಡು ಮೆಟ್ಟಿಲು ಹತ್ತಿ ಇಳಿಯೋ ಬದಲು ಅಲ್ಲೇ ನಿಂತ್ಕೊಳ್ಳಿ, ಸಾಮಾನ್ಯವಾಗಿ 20 ನಿಮಿಷಕ್ಕೆ ಇನ್ನೊಂದು ಬರತ್ತೆ.

ಎಸ್1 ಇನ್ನೂ ಕಷ್ಟ, ಅದು ನೋಯ್‌ಫಾರ್ನ್ ಸ್ಟೇಷನ್ನಲ್ಲಿ ಎರಡು ತುಂಡಾಗತ್ತೆ. ಒಂದು ಭಾಗ ಏರ್‌ಪೋರ್ಟಿಗೆ, ಇನ್ನೊಂದು ಫ್ರೈಸಿಂಗ್‌ಗೆ. ನನ್ನ ಅತ್ತೆ ಮಾವ ಮೊದಲ ಸಲ ಬಂದಾಗ ಕರ್ಕೊಂಡು ಬರೋಕೆ ಹೊರಟಿದ್ದೆ, ಮಗಳು ತೊಡೆ ಮೇಲೆ ನಿದ್ದೆ ಮಾಡ್ತಿದ್ಲು, ಜರ್ಮನ್‌ನಲ್ಲಿ ಏನೋ ಅನೌನ್ಸ್ ಮಾಡಿದ್ರು, ತುಂಬಾ ಜನ ಇಳಿದು ಹಿಂದಿನ ಬೋಗಿ ಕಡೆ ಓಡಿದ್ರು, ನಾನು ಯಾಕೆ ಅಂತ ಕೇಳ್ಲೇ ಇಲ್ಲ. ಫ್ರೈಸಿಂಗ್‌ನಲ್ಲಿ ಇಳಿದಾಗ ವಿಮಾನ ಎಲ್ಲೂ ಇಲ್ಲ! ಅಲ್ಲಿಂದ 635 ನಂಬರ್ ಬಸ್ ಏರ್‌ಪೋರ್ಟಿಗೆ ಹೋಗತ್ತೆ, ಒಬ್ಬ ಅಜ್ಜಿ ಕೈ ಹಿಡಿದು ಸ್ಟಾಪ್ ತೋರಿಸಿದ್ರು. ಅಷ್ಟೊತ್ತಿಗೆ ನಮ್ಮ ಅತ್ತೆ ಮಾವ ಟ್ರಾಲಿ ಪಕ್ಕ ಒಂದು ಗಂಟೆ ನಿಂತಿದ್ರು, ಫೋನಲ್ಲಿ ಸಿಮ್ಮೂ ಇರ್ಲಿಲ್ಲ. ಹತ್ತೋ ಮುಂಚೆ ಬೋಗಿ ಮೇಲಿನ ಬೋರ್ಡು ಓದಿ, ‘ಫ್ಲುಗ್‌ಹಾಫನ್’ (ಏರ್‌ಪೋರ್ಟ್) ಅಂತ ಇದ್ರೆ ಮಾತ್ರ ಹತ್ತಿ. ಅನುಮಾನ ಬಂದ್ರೆ ಎಸ್8 ಹಿಡೀರಿ, ಅದು ತುಂಡಾಗಲ್ಲ.

ಇನ್ನು ಕೆಲವು

ಬಾಗಿಲು ತಾನಾಗೇ ತೆಗೆಯಲಿಲ್ಲ ಅಂದ್ರೆ ಬಟನ್ ಒತ್ತಿ.
ಎಸ್ಕಲೇಟರಲ್ಲಿ ಬಲಕ್ಕೆ ನಿಲ್ಲಿ, ಎಡಗಡೆ ನಡೆಯೋರಿಗೆ.
‘ಜುರ್ಯುಕ್‌ಬ್ಲೈಬನ್ ಬಿಟ್ಟೆ’ ಅಂದ್ರೆ ಹಿಂದೆ ಸರೀರಿ ಅಂತ, ಆಮೇಲೆ ಕೈ ತೂರಿಸ್ಬೇಡಿ.
ಊರಿಗೆ ವಿಡಿಯೋ ಕಾಲ್ ಮಾಡೋವಾಗ ಸ್ಪೀಕರ್ ಬೇಡ, ಇದನ್ನ ಎಷ್ಟು ಸಲ ಹೇಳೋದು.
ಇಲ್ಲಿನ ಸಾರಿಗೆಯವರ ಎಂವಿಜಿಓ ಆ್ಯಪ್ ಹಾಕ್ಕೊಳ್ಳಿ, ಲಿಫ್ಟ್ ಕೆಟ್ಟಿದ್ರೂ ಅದರಲ್ಲಿ ಗೊತ್ತಾಗತ್ತೆ, ಮಗು ಗಾಡಿ ಇರೋರಿಗೆ ಬೇಕಾಗತ್ತೆ.

ವೀಕೆಂಡಲ್ಲಿ ಎಸ್-ಬಾನ್ ನಂಬ್ಕೊಂಡು ಕೊನೇ ನಿಮಿಷಕ್ಕೆ ಹೊರಡ್ಬೇಡಿ. ಊರ ಮಧ್ಯದ ಸುರಂಗದಲ್ಲಿ ಎಲ್ಲಾ ಮುಖ್ಯ ಎಸ್ ಲೈನುಗಳೂ ಒಂದೇ ಜೋಡಿ ಹಳಿ ಮೇಲೆ ಹೋಗ್ಬೇಕು, ಅದಕ್ಕೇ ಎರಡನೇ ಸುರಂಗ ಕಟ್ತಿದಾರೆ, 2017ರಿಂದ ಕೆಲಸ ನಡೀತಿದೆ. ರಿಪೇರಿಗೆ ಅಂತ ಆಗಾಗ ಶುಕ್ರವಾರ ರಾತ್ರಿಯಿಂದ ಸೋಮವಾರ ಬೆಳಿಗ್ಗೆವರೆಗೆ ಮುಚ್ಚಿ, ಬದಲಿಗೆ ಎಸ್‌ಇವಿ ಅಂತ ಬರೆದಿರೋ ಬಸ್ ಬಿಡ್ತಾರೆ. ನಮ್ಮ ರಾಜ್ಯೋತ್ಸವ ಬರೋದೂ ವೀಕೆಂಡಲ್ಲೇ. ನವೆಂಬರ್ ಚಳೀಲಿ ರೇಷ್ಮೆ ಸೀರೆ ಮೇಲೆ ದಪ್ಪ ಜಾಕೆಟ್ ಹಾಕ್ಕೊಂಡು, ಕೈಯಲ್ಲಿ ಬಿಸಿಬೇಳೆಬಾತ್ ಡಬ್ಬಿ, ಮಕ್ಕಳ ಕೊರಳಲ್ಲಿ ಹಳದಿ ಕೆಂಪು ಶಾಲು, ಆ ಬಸ್ಸಿಗೆ ಕ್ಯೂ ನಿಂತಿರೋ ನಮ್ಮವರನ್ನ ನೋಡಿದ್ರೆ ನಂಗೆ ಎಷ್ಟು ಹೆಮ್ಮೆ ಅನ್ಸತ್ತೆ. ಆವತ್ತು ಒಂದು ಗಂಟೆ ಮುಂಚೆ ಹೊರಡಿ, ಅಡ್ರೆಸ್ ಜೊತೆ ಸ್ಟೇಷನ್ನಿನ ಯಾವ ಬಾಗಿಲಿಂದ ಹೊರಗೆ ಬರ್ಬೇಕು ಅಂತಾನೂ ನಾವು ಆಮಂತ್ರಣದಲ್ಲಿ ಬರೆದಿರ್ತೀವಿ.