ನಡ ಬಿಟ್ಟಿತು, ಬೈಕ್ ಬಿಡಲಿಲ್ಲ

ಕಲಬುರಗಿಯ ಮೆಡಿಕಲ್ ರೆಪ್‌ಗಳಲ್ಲಿ ನಲವತ್ತು ದಾಟಿಯೂ ನಡ ನೋವಿಲ್ಲದವರು ಸಿಕ್ಕರೆ, ಅವರು ಕಾರು ತೆಗೆದುಕೊಂಡಿರುತ್ತಾರೆ, ಇಲ್ಲವೇ ಮ್ಯಾನೇಜರ್ ಆಗಿರುತ್ತಾರೆ. ನನ್ನದು ಎರಡೂ ಆಗಿಲ್ಲ. ಇವತ್ತಿಗೂ ಸೇಡಂ, ಚಿತ್ತಾಪುರ, ಜೇವರ್ಗಿ, ಶಹಾಪುರ, ಯಾದಗಿರಿ ಎಲ್ಲ ಬೈಕ್ ಮೇಲೆಯೇ. ಮೂರು ವರ್ಷದ ಹಿಂದೆ ಜೇವರ್ಗಿ ಮುಟ್ಟುವಷ್ಟರಲ್ಲಿ ಎಡಗಾಲು ಜೋಮು ಹಿಡಿಯುತ್ತಿತ್ತು. ಈಗ ಬೀದರ್‌ಗೆ ಹೋಗಿ ಅದೇ ದಿನ ವಾಪಸ್ ಬಂದು, ರಾತ್ರಿ ಮಾತ್ರೆ ಇಲ್ಲದೆ ಮಲಗುತ್ತೇನೆ. ಇದು ಕೈರೋಪ್ರಾಕ್ಟಿಕ್, ಅಂದರೆ ಕೈಯಿಂದ ಬೆನ್ನೆಲುಬು ಒತ್ತುವ ಚಿಕಿತ್ಸೆ, ಅದರ ಜೊತೆ ವ್ಯಾಯಾಮ, ಊಟ ಸೇರಿ ಆದದ್ದು. ಹೇಗೆ ಮಾಡಿದಿರಿ ಎಂದು ಕೇಳುವವರು ಜಾಸ್ತಿ ಆಗಿದ್ದಾರೆ. ಅವರಲ್ಲಿ ಅರ್ಧ ಜನ ಆಗ "ರೊಕ್ಕ ಕೊಟ್ಟು ಎಲುಬು ಮುರಿಸ್ಕೊಳ್ಳಾಕ ಹೈದರಾಬಾದಿಗಿ ಹೊಂಟಾನ" ಎಂದು ನಕ್ಕವರೇ.

ಎಲ್-4, ಎಲ್-5, ಡಿಸ್ಕ್ ಬಲ್ಜ್, ಸಯಾಟಿಕಾ, ಅಂದರೆ ನಡದ ಎಲುಬುಗಳ ನಡುವಿನ ಡಿಸ್ಕ್ ಉಬ್ಬಿ ಕಾಲಿನ ನರ ಒತ್ತುವುದು. ಇದಕ್ಕಿಂತ ಹೆಚ್ಚು ಬಿಡಿಸಿ ಹೇಳುವುದಿಲ್ಲ. ಅದರ ಮಾತ್ರೆಗಳ ಲಿಟರೇಚರ್ ನಮ್ಮ ಬ್ಯಾಗಿನಲ್ಲೇ ಇರುತ್ತದೆ, ಅಲ್ವಾ.

ಮೊದಲು ದುಡ್ಡು ಎಲ್ಲಿ ಹೋಯಿತು ಎಂದು ಹೇಳಿಬಿಡುತ್ತೇನೆ. ನರದ ನೋವಿನ ಮಾತ್ರೆ ಪ್ರಿಗಾಬಲಿನ್ ತೆಗೆದುಕೊಂಡು ಬೈಕ್ ಓಡಿಸಿದವರಿಗೆ ಗೊತ್ತು, ಕಣ್ಣು ಎಳೆಯುತ್ತದೆ. ನೋವಿನ ಮಾತ್ರೆಯಿಂದ ಹೊಟ್ಟೆ ಉರಿ, ಅದಕ್ಕೊಂದು ಮಾತ್ರೆ. ಸ್ಯಾಂಪಲ್ ಇದ್ದದ್ದರಿಂದ ಅದರ ಖರ್ಚು ಉಳಿಯಿತು. ಹಾಸಿಗೆಗೆ ಹದಿನೆಂಟೋ ಇಪ್ಪತ್ತೋ ಸಾವಿರ ಹೋಯಿತು. ಅದರ ಮೇಲೆ ಈಗ ಮಗ ಮಲಗುತ್ತಾನೆ, ಅವನಿಗೆ ಬಹಳ ಸುಖ. ಬೆಲ್ಟ್ ಎರಡು. ನಡ ಎಳೆಯುವ ಟ್ರ್ಯಾಕ್ಷನ್ ಹಾಕಿಸಿಕೊಂಡೆ, ನಡದ ಮೇಲೆ ಬಿಸಿ ಎಣ್ಣೆ ನಿಲ್ಲಿಸುವ ಆಯುರ್ವೇದದ ಕಟಿ ಬಸ್ತಿ ಮಾಡಿಸಿಕೊಂಡೆ. ಎಣ್ಣೆ ಬೆಚ್ಚಗಿರುವಷ್ಟು ಹೊತ್ತು ಹಾಯಾಗಿತ್ತು, ಸುಳ್ಳು ಹೇಳಬಾರದು. ನಮ್ಮ ಅತ್ತೆಯ ಮಾತಿಗೆ ಕಾಲು ಮುಂದಾಗಿ ಹುಟ್ಟಿದವರಿಂದ ನಡಕ್ಕೆ ಒದೆಸಿಕೊಂಡದ್ದೂ ಆಯಿತು. ಅದಕ್ಕೆ ಒಂದು ತೆಂಗಿನಕಾಯಿ ಮಾತ್ರ ಖರ್ಚು. ಎಲ್ಲ ಸೇರಿ ಎರಡು ವರ್ಷದಲ್ಲಿ ಲಕ್ಷದ ಹತ್ತಿರ ಹೋಗಿರಬೇಕು.

ಕೈರೋಪ್ರಾಕ್ಟಿಕ್ ವಿಷಯ ತೆಗೆದಾಗ ನಾನು ತಪ್ಪದೆ ಭೇಟಿ ಮಾಡುವ ಆರ್ಥೋ (ಎಲುಬಿನ) ಡಾಕ್ಟರ್ ಒಬ್ಬರು ಜೋರಾಗಿ ನಕ್ಕರು. ನಾನು ಮುಂದಿನ ವಿಸಿಟ್‌ಗೆ ಅಮೆರಿಕದ ವೈದ್ಯರ ಸಂಘಟನೆ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನ 2017ರ ಗೈಡ್‌ಲೈನ್ ಪ್ರಿಂಟ್ ತೆಗೆದುಕೊಂಡು ಹೋದೆ. ನಡ ನೋವಿಗೆ ಮಾತ್ರೆಗಿಂತ ಮೊದಲು ನೋಡಬೇಕಾದವುಗಳಲ್ಲಿ ಶಾಖ, ಮಸಾಜ್, ವ್ಯಾಯಾಮದ ಜೊತೆ ಬೆನ್ನೆಲುಬು ಒತ್ತುವ ಚಿಕಿತ್ಸೆಯೂ ಅದರಲ್ಲಿದೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹಳೆಯ ನಡ ನೋವಿನ ಗೈಡ್‌ಲೈನ್‌ನಲ್ಲಿ ಅದಕ್ಕೆ ಜಾಗ ಕೊಟ್ಟಿತು. ಲಾಭ ಸಾಧಾರಣ, ಪವಾಡ ಅಲ್ಲ. ಡಾಕ್ಟರ್ ಕಾಗದ ನೋಡಿ "ಇಟ್ಟು ಹೋಗ್ರಿ" ಎಂದರು.

ನನಗೆ ಬೇಕಿದ್ದದ್ದು ಡಿ.ಸಿ., ಅಂದರೆ ಡಾಕ್ಟರ್ ಆಫ್ ಕೈರೋಪ್ರಾಕ್ಟಿಕ್ ಡಿಗ್ರಿ ಇರುವವರು. ಅಮೆರಿಕದಲ್ಲಿ ಅದು ನಾಲ್ಕು ವರ್ಷದ ಓದು. ವಾರಾಂತ್ಯದ ಕೋರ್ಸ್ ಮಾಡಿ, ಮೈಕ್ ಹಚ್ಚಿಕೊಂಡು ಕಟಕಟ ಸದ್ದು ವೀಡಿಯೊ ಮಾಡುವವರ ಹತ್ತಿರ ನಾನು ಹೋಗುವವನಲ್ಲ. ಹೈದರಾಬಾದಿನಲ್ಲಿ ಮೊದಲು ಹೋದ ಕ್ಲಿನಿಕ್‌ನಲ್ಲಿ ಕೂಡುವ ಮೊದಲೇ ಪ್ಯಾಕೇಜ್ ಮಾತು. ನಲವತ್ತು ಸಾವಿರ ಕಟ್ಟಿ, ಶುಗರ್, ಬಿಪಿ, ಥೈರಾಯ್ಡ್ ಎಲ್ಲ ಹೋಗುತ್ತದೆ ಎಂದರು. ಎದ್ದು ಬಂದೆ. ಎಲ್ಲಕ್ಕೂ ಇದೇ ಮದ್ದು ಎನ್ನುವ ಈ ರೋಗ ಹಳೆಯದು ಬಿಡಿ. 1895ರಲ್ಲಿ ಕೈರೋಪ್ರಾಕ್ಟಿಕ್ ಶುರು ಮಾಡಿದ ಡಿ.ಡಿ. ಪಾಮರ್ ಎಂಬಾತ ಒಬ್ಬನ ಬೆನ್ನು ಒತ್ತಿ ಕಿವುಡು ಹೋಯಿತು ಎಂದು ಹೇಳಿಕೊಂಡಾಗಿನಿಂದ ನಡೆದಿದೆ. ನಡಕ್ಕೆ ಮಾಡುವ ಕೆಲಸವನ್ನು ನಡಕ್ಕೇ ಬಿಡಬೇಕು.

ಎರಡನೆಯವರು ಸರಿಯಾದ ಆಸಾಮಿ. ಎಂ.ಆರ್.ಐ. ನೋಡಿದರು. ಕಾಲು ಎತ್ತಿಸಿದರು, ಮಂಡಿಗೆ ಸುತ್ತಿಗೆ ಬಡಿದರು, ಹಿಮ್ಮಡಿ ಮೇಲೆ, ಬೆರಳ ಮೇಲೆ ನಡೆಸಿದರು. ಆಮೇಲೆ ಒಂದು ಮಗ್ಗುಲಿಗೆ ಮಲಗಿಸಿ ಒತ್ತಿದರು. ಆ ಟಕ್ ಅನ್ನುವ ಸದ್ದು ಎಲುಬಿನದಲ್ಲ, ಕೀಲಿನ ನೀರಿನೊಳಗಿನ ಗಾಳಿಯದು. ಫೀ ಹದಿನೈದು ನೂರರ ಆಸುಪಾಸು. ಕುತ್ತಿಗೆ ಮುಟ್ಟಬೇಡಿ ಎಂದೆ, ಅವರೂ ಒಪ್ಪಿದರು. ಅಪರೂಪಕ್ಕೆ ಕುತ್ತಿಗೆಯ ರಕ್ತನಾಳ ಹರಿದು ಸ್ಟ್ರೋಕ್ ಆದದ್ದಿದೆ. ಅವತ್ತಿನಿಂದ ಸಲೂನ್‌ನಲ್ಲಿ ಕಟಿಂಗ್ ಆದ ಮೇಲೆ ಕತ್ತು ತಿರುಗಿಸುವುದನ್ನೂ ನಿಲ್ಲಿಸಿಬಿಟ್ಟೆ. ಸಲೂನಿನವನಿಗೆ ಇನ್ನೂ ಸಿಟ್ಟಿದೆ.

ಒತ್ತಿಸಿಕೊಂಡ ಮೇಲೆ ಎರಡು ಮೂರು ದಿನ ನಡ ಸಡಿಲ ಇರುತ್ತದೆ, ಆಮೇಲೆ ಮತ್ತೆ ಹಿಡಿಯುತ್ತದೆ. ಎಲ್ಲರೂ ಆ ಎರಡು ದಿನ ರೆಸ್ಟ್ ಮಾಡುತ್ತಾರೆ, ನೋವು ಬಂದಾಗ ಮತ್ತೆ ಟ್ರೈನ್ ಹತ್ತುತ್ತಾರೆ. ನಾನು ಉಲ್ಟಾ ಮಾಡಿದೆ. ಒತ್ತಿದವರನ್ನೇ ಕೇಳಿಕೊಂಡು, ಆ ಎರಡು ದಿನದಲ್ಲೇ ವ್ಯಾಯಾಮ ಜೋರು ಮಾಡಿದೆ. ತುಕ್ಕು ಹಿಡಿದ ನಟ್ಟಿಗೆ ಎಣ್ಣೆ ಬಿಟ್ಟ ಮೇಲೆ ಸ್ಪ್ಯಾನರ್ ಹಾಕಬೇಕಲ್ಲವೇ, ಹಾಗೆ. ಐದಾರು ಸಲದ ನಂತರ ಹೈದರಾಬಾದಿಗೆ ಪದೇಪದೇ ಹೋಗಬೇಕಾಗಲಿಲ್ಲ. ಈಗ ಮೂರ್ನಾಲ್ಕು ತಿಂಗಳಿಗೊಮ್ಮೆ, ಅದೂ ಬೇರೆ ಕೆಲಸ ಇದ್ದರೆ ಹೋಗುತ್ತೇನೆ. ಟ್ರೈನ್ ಚಾರ್ಜ್ ಸೇರಿ ಒಟ್ಟು ಹದಿಮೂರು ಹದಿನಾಲ್ಕು ಸಾವಿರ ಆಗಿರಬಹುದು.

ವ್ಯಾಯಾಮ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಬೆನ್ನೆಲುಬಿನ ಸಂಶೋಧಕ ಸ್ಟುವರ್ಟ್ ಮೆಕ್‌ಗಿಲ್ ಅವರ ಮೂರು: ಕರ್ಲ್-ಅಪ್ (ಅಂಗಾತ ಮಲಗಿ ತಲೆ, ಹೆಗಲು ಸ್ವಲ್ಪ ಎತ್ತುವುದು), ಸೈಡ್ ಪ್ಲ್ಯಾಂಕ್ (ಮಗ್ಗುಲಾಗಿ ಮೊಣಕೈ ಊರಿ ಮೈ ಎತ್ತುವುದು), ಬರ್ಡ್ ಡಾಗ್ (ಕೈ, ಮಂಡಿ ಊರಿ ಒಂದು ಕೈ, ಎದುರು ಮಗ್ಗುಲಿನ ಕಾಲು ಚಾಚುವುದು). ಹತ್ತು ಸೆಕೆಂಡ್ ಹಿಡಿದು ಬಿಡುವುದು, ಮೊದಲು ಆರು ಸಲ, ಆಮೇಲೆ ನಾಲ್ಕು, ಆಮೇಲೆ ಎರಡು. ನಿಮಿಷಗಟ್ಟಲೆ ನಡುಗುತ್ತಾ ಪ್ಲ್ಯಾಂಕ್ ಹಿಡಿಯುವುದು ಜಿಮ್ ಹುಡುಗರ ಶೋಕಿ. ಎದ್ದ ಕೂಡಲೇ ಬಗ್ಗಿ ಕಾಲು ಮುಟ್ಟುವುದು ಬಂದ್. ರಾತ್ರಿಯೆಲ್ಲಾ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ, ಮೊದಲ ಒಂದು ತಾಸು ಬಗ್ಗಿದರೆ ಅದರ ಮೇಲೆ ಭಾರ ಜಾಸ್ತಿ. ಆ ತಾಸು ಅಪ್ಪನ ಕೆರೆ ಸುತ್ತ ನಡಿಗೆಗೆ ಇಟ್ಟಿದ್ದೇನೆ. ಏಪ್ರಿಲ್, ಮೇ ಬಂದರೆ ಬೆಳಕು ಹರಿಯುವ ಮೊದಲೇ ಮುಗಿಸಬೇಕು. ನಲವತ್ತೆರಡು ಡಿಗ್ರಿಯ ಊರಿನಲ್ಲಿ ಬೆಳಿಗ್ಗೆ ಏಳು ಗಂಟೆಗೆ ವಾಕಿಂಗ್ ಎಂದರೆ ಸುಮ್ನೆ ಬೆವರು ಸುರಿಸುವುದು. ನಾಲ್ಕನೆಯ ವ್ಯಾಯಾಮ ಒಂದಿದೆ. ಹಳೆಯ ಗರಡಿಯ ಉಸ್ತಾದರು ಮುದ್ಗರ ಕೊಟ್ಟು ಕಲಿಸಿದ್ದು. ನಿಜವಾದ ಫರಕು ಅದರಿಂದಲೇ ಬಿದ್ದಿತು ಅಂತ ನನ್ನ ಲೆಕ್ಕ. ಅದನ್ನು ಬರೆಯುವುದಿಲ್ಲ. ಎದುರಿಗೆ ನಿಂತು ತೋರಿಸದೆ ಹೇಳಿದರೆ ಯಾರೋ ಬೆನ್ನು ಕೆಡಿಸಿಕೊಂಡು ನಮ್ಮ ಮನೆಗೆ ಬರುತ್ತಾರೆ.

ಊಟಕ್ಕೆ ಬರೋಣ. ಆರು ತಿಂಗಳು ಓಟ್ಸ್ ತಿಂದೆ, ತೂಕ ಇಳಿಯಲಿಲ್ಲ. ಕಾರಣ ಓಟ್ಸ್ ಅಲ್ಲ. ಸಂಜೆ ಡಾಕ್ಟರ್ ಕ್ಯಾಬಿನ್ ಹೊರಗೆ ಕಾಯುವಾಗಿನ ಮಿರ್ಚಿ, ಚಹಾ, ಬಿಸ್ಕತ್ತು. ಮೊದಲು ಅದನ್ನು ಕಟ್ ಮಾಡಿದೆ, ಬ್ಯಾಗಿನಲ್ಲಿ ಹುರಿಗಡಲೆ ಇಟ್ಟೆ. ಆಮೇಲೆ ನಮ್ಮ ಜೋಳಕ್ಕೇ ವಾಪಸ್ ಬಂದೆ. ಮಾಲದಂಡಿ ಜೋಳ, ಎರಡು ರೊಟ್ಟಿ, ಅಷ್ಟೇ. ರೊಟ್ಟಿ ತಿಂದರೆ ಶುಗರ್ ಏರಲ್ಲ ಎನ್ನುವವರು ಐದು ರೊಟ್ಟಿ ತಿಂದು ಎರಡು ತಾಸು ಬಿಟ್ಟು ಚೆಕ್ ಮಾಡಿ ನೋಡಲಿ. ರೊಟ್ಟಿ ಕಡಿಮೆ, ತೊಗರಿಬೇಳೆ, ಹೆಸರುಕಾಳು, ಪುಂಡಿಪಲ್ಲೆ ಜಾಸ್ತಿ. ಎಳ್ಳಮವಾಸ್ಯೆಗೆ ಮಾಡುವ ಭಜ್ಜಿ ಇದೆಯಲ್ಲ, ಎಲ್ಲ ಕಾಳು, ಎಲ್ಲ ಸೊಪ್ಪು ಹಾಕಿದ್ದು, ಅದನ್ನು ವರ್ಷಕ್ಕೊಮ್ಮೆ ಯಾಕೆ ಎಂದು ವಾರಕ್ಕೊಮ್ಮೆ ಮಾಡಿಸಿದೆ. ಮನೆಯವಳು ಸೊಪ್ಪು ಸೋಸುವ ಕೆಲಸ ನನಗೇ ಹಚ್ಚಿದಳು. ಅಗಸಿ ಹಿಂಡಿಯಲ್ಲಿ (ಅಗಸೆ ಚಟ್ನಿಪುಡಿ) ನಾನು ಸೇರಿಸುವ ಒಂದು ಸಾಮಾನು ಇದೆ, ಅದೂ ಗುಟ್ಟು. ವರ್ಷದಲ್ಲಿ ಒಂಬತ್ತು ಹತ್ತು ಕೆಜಿ ಇಳಿದೆ. ಹೊಟ್ಟೆ ಕರಗಿದ ಮೇಲೆ ಬೈಕ್ ಮೇಲೆ ಕೂಡುವ ರೀತಿಯೇ ಬದಲಾಯಿತು.

ಬೈಕಿನ ಮೇಲೂ ಪ್ರಯೋಗ ಮಾಡಿದೆ. ಹ್ಯಾಂಡಲ್ ಒಂದಿಂಚು ಎತ್ತರಿಸಿದೆ, ಇದು ಗೆದ್ದಿತು. ಸೀಟಿಗೆ ಜೆಲ್ ಹಾಕಿಸಿದೆ. ನಮ್ಮ ಬಿಸಿಲಿಗೆ ಅದು ಕಾದ ಹಂಚು, ತೆಗೆಸಿದೆ, ಎರಡು ಸಾವಿರ ನೀರಿಗೆ ಹೋಯಿತು. ಹೆಗಲ ಬ್ಯಾಗ್ ಬಿಟ್ಟು ಟ್ಯಾಂಕ್ ಬ್ಯಾಗ್ ಹಾಕಿದೆ. ಸೇಡಂ ರೋಡಿನಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಹೋಗುವಾಗ ಅದರ ಬೆಲೆ ಗೊತ್ತಾಗುತ್ತದೆ. ಮಳಖೇಡದಲ್ಲಿ ಇಳಿದು ಐದು ನಿಮಿಷ ನಡೆಯುತ್ತೇನೆ, ಚಹಾ ಇಲ್ಲದೆ.

ಹೈದರಾಬಾದಿನವರ ನಂಬರ್ ಕೇಳುವವರಿಗೆ ಮೊದಲು ನಾನೇ ಎರಡು ಪ್ರಶ್ನೆ ಕೇಳುತ್ತೇನೆ. ಕಾಲಿನ ಬಲ ಕಡಿಮೆ ಆಗುತ್ತಿದೆಯೇ? ಮೂತ್ರ, ಸಂಡಾಸಿನ ಹತೋಟಿ ತಪ್ಪಿದೆಯೇ, ಆ ಜಾಗ ಮರಗಟ್ಟಿದೆಯೇ? ಹೌದು ಎಂದರೆ ಕೈರೋಪ್ರಾಕ್ಟಿಕ್ ಬೇಡ, ಅವತ್ತೇ ಆಸ್ಪತ್ರೆ. ಜ್ವರದ ಜೊತೆ ನೋವು, ಬಿದ್ದ ಪೆಟ್ಟು, ಟೊಳ್ಳಾದ ಎಲುಬು (ಆಸ್ಟಿಯೋಪೊರೋಸಿಸ್), ಇವಕ್ಕೂ ಒತ್ತಿಸಿಕೊಳ್ಳಬಾರದು.

ನಕ್ಕ ಆರ್ಥೋ ಡಾಕ್ಟರ್ ಈಗ ತಮ್ಮ ಕಂಪೌಂಡರ್‌ಗೆ ಹೇಳಿ ಆ ಮೂರು ವ್ಯಾಯಾಮ ನನ್ನಿಂದ ಬರೆಸಿಕೊಂಡಿದ್ದಾರೆ. ಬರುವ ಪೇಷಂಟ್‌ಗಳಿಗೆ ಅದರ ಝೆರಾಕ್ಸ್ ಕೊಡುತ್ತಾರಂತೆ. ನಮ್ಮ ಕಂಪನಿಯ ಮಾತ್ರೆ ಮಾತ್ರ ಇನ್ನೂ ಬರೆಯುತ್ತಿಲ್ಲ.