ಹಳೇ ಲೆಕ್ಕದ ದುಡ್ಡನ್ನು ಇವತ್ತಿನ ಬೆಲೆಗೆ ತರುವುದು ಹೇಗೆ?

ಸುಂಟಿಕೊಪ್ಪದ ಕಡೆ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿದ್ದವನು ನಾನು. ಚೆಕ್‌ರೋಲ್ (ಆಳುಗಳ ಹಾಜರಿ-ಕೂಲಿ ಪುಸ್ತಕ) ಬರೆದ ಕೈ ಅಂತ, ಮನೆಯಲ್ಲಿ ಪಾಲಿನ ಮಾತು ಎದ್ದಾಗ ಅಕ್ಕಪಕ್ಕದವರು ಹಳೇ ಪುಸ್ತಕ ಹಿಡಿದು ಬರುತ್ತಾರೆ. ಕೇಳುವುದು ಒಂದೇ: "ಅಣ್ಣಾ, ಆಗಿನ ಐವತ್ತು ಸಾವಿರ ಅಂದರೆ ಈಗ ಎಷ್ಟು?"

ಬಹಳ ಜನ ಇದನ್ನು ಕಾಫಿ ರೇಟಿನಲ್ಲಿ ಅಳೆಯುತ್ತಾರೆ. ಅದು ಬೇಡವೇ ಬೇಡ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮಕ್ಕೆ ಗಿಡ ಸುಟ್ಟು ಇಲ್ಲಿ ಬೆಲೆ ಹಾರಿತು. 2001-02ರ ಹೊತ್ತಿಗೆ ನೆಲ ಕಚ್ಚಿತು. 2024ರಲ್ಲಿ ರೊಬಸ್ಟ ಜಾತಿಯ ಕಾಫಿ ಬೆಲೆ ಮತ್ತೆ ಮೇಲೇರಿತು. ಇದನ್ನು ಅಳತೆ ಮಾಡಿಕೊಂಡರೆ ಅಣ್ಣ ಒಂದು ವರ್ಷ ಹಿಡಿಯುತ್ತಾನೆ, ತಮ್ಮ ಇನ್ನೊಂದು. ಜಗಳ ಮುಗಿಯುವುದಿಲ್ಲ.

ಆದಾಯ ತೆರಿಗೆ ಲೆಕ್ಕಕ್ಕೆಂದು ಕೇಂದ್ರ ಸರ್ಕಾರ ಪ್ರತಿ ವರ್ಷ ಕಾಸ್ಟ್ ಇನ್‌ಫ್ಲೇಶನ್ ಇಂಡೆಕ್ಸ್, ಅಂದರೆ ಬೆಲೆ ಏರಿಕೆ ತೋರಿಸುವ ಒಂದು ಅಂಕಿ, ಹೊರಡಿಸುತ್ತದೆ. ಅದನ್ನು ಹಿಡಿಯಿರಿ. 2001-02ಕ್ಕೆ 100, 2011-12ಕ್ಕೆ 184, 2020-21ಕ್ಕೆ 301, 2025-26ಕ್ಕೆ 376. ಈಗಿನ ಅಂಕಿಯನ್ನು ಆಗಿನ ಅಂಕಿಯಿಂದ ಭಾಗಿಸಿ, ಬಂದದ್ದರಿಂದ ಹಳೇ ಮೊತ್ತವನ್ನು ಗುಣಿಸಿ. ಅಷ್ಟೇ.

2001-02ರಲ್ಲಿ ಭಾವ 50,000 ಕೈಸಾಲ ಕೊಟ್ಟಿದ್ದರು ಅಂತ ಇಟ್ಟುಕೊಳ್ಳಿ. 376ನ್ನು 100ರಿಂದ ಭಾಗಿಸಿದರೆ 3.76. ಅಂದರೆ 2025-26ರ ಲೆಕ್ಕದಲ್ಲಿ 1,88,000. ಬಡ್ಡಿ ಇಲ್ಲದೆ ಅದೇ 50,000 ವಾಪಸ್ ಕೊಟ್ಟರೆ, ಆಗಿನ ಲೆಕ್ಕದಲ್ಲಿ ಸುಮಾರು 13,300 ಕೊಟ್ಟ ಹಾಗೆ. ಭಾವ ಮುಖ ಸಣ್ಣ ಮಾಡಿಕೊಳ್ಳುವುದರಲ್ಲಿ ತಪ್ಪಿಲ್ಲ, ಅಲ್ವಾ?

ಒಂದು ಎಚ್ಚರಿಕೆ. ಈ ಇಂಡೆಕ್ಸ್‌ಗೆ ಬೆಲೆ ಏರಿಕೆಯ ಮುಕ್ಕಾಲು ಪಾಲನ್ನು ಮಾತ್ರ ಹಿಡಿಯುತ್ತಾರೆ. ಹಾಗಾಗಿ ಬಂದ ಉತ್ತರ ಕಡಿಮೆಯೇ ಅಂತ ತಿಳಿಯಿರಿ.

ನಿಮ್ಮ ಮನೆಯದೇ ಲೆಕ್ಕ ಬೇಕಿದ್ದರೆ ಹಳೇ ದಿನಸಿ ಪುಸ್ತಕ ತೆಗೆಯಿರಿ. ಒಂದು ತಿಂಗಳು ಆರಿಸಿ. ಅಕ್ಕಿ, ಎಣ್ಣೆ, ಬೆಲ್ಲ, ಗ್ಯಾಸ್, ಆಳಿನ ಕೂಲಿ, ಮಡಿಕೇರಿ ಬಸ್ ಚಾರ್ಜು. ಆಗ ತಂದಷ್ಟೇ ಈಗ ತಂದರೆ ಎಷ್ಟಾಗುತ್ತದೆ ನೋಡಿ. ಮೊಬೈಲ್ ರೀಚಾರ್ಜ್ ಸೇರಿಸಬೇಡಿ. ಅದು ಆಗ ಇರಲೇ ಇಲ್ಲ; ಖರ್ಚು ಬೆಳೆದದ್ದು ಬೇರೆ, ಬೆಲೆ ಏರಿದ್ದು ಬೇರೆ. ಬಿಸ್ಕತ್ತಿಗೆ ಪೊಟ್ಟಣದ ಬೆಲೆ ಬರೆಯದೆ ಗ್ರಾಂ ಲೆಕ್ಕ ಬರೆಯಿರಿ. ಐದು ರೂಪಾಯಿ ಪೊಟ್ಟಣ ಐದೇ ರೂಪಾಯಿ ಇರುತ್ತದೆ, ಒಳಗಿನ ಬಿಸ್ಕತ್ತು ಮಾತ್ರ ಸೊರಗುತ್ತದೆ! ನಮ್ಮ ಮನೆಯಲ್ಲಿ ಹೀಗೆ ಬರೆದಾಗ ಎಲ್ಲಕ್ಕಿಂತ ಜಾಸ್ತಿ ಏರಿದ್ದು ಆಳಿನ ಕೂಲಿ. ಎಣ್ಣೆ ಅಲ್ಲ.

ಮುಂದೆ ಬರುವ ವರ್ಷಗಳ ಲೆಕ್ಕ ಇನ್ನೂ ಸುಲಭ. 72ನ್ನು ಬೆಲೆ ಏರುವ ಶೇಕಡಾವಾರಿನಿಂದ ಭಾಗಿಸಿ. ಶೇ. 6 ಅಂದರೆ 12 ವರ್ಷಕ್ಕೆ ಖರ್ಚು ಎರಡರಷ್ಟು. ರಿಸರ್ವ್ ಬ್ಯಾಂಕಿನ ಗುರಿ ಶೇ. 4, ಆ ಲೆಕ್ಕಕ್ಕೆ 18 ವರ್ಷ. ನಾನು 6 ಹಿಡಿಯುತ್ತೇನೆ. ಇವತ್ತು ತಿಂಗಳಿಗೆ 30,000 ಬೇಕಾದ ಮನೆಗೆ 20 ವರ್ಷದ ಮೇಲೆ 96,000 ದಾಟುತ್ತದೆ.

ಎಫ್‌ಡಿ ಇಟ್ಟವರು ಇದನ್ನೂ ನೋಡಿಕೊಳ್ಳಿ. ಬಡ್ಡಿ ಶೇ. 7 ಇದ್ದು, ನೀವು ಶೇ. 20 ತೆರಿಗೆ ಕಟ್ಟುವವರಾದರೆ ಕೈಗೆ ಬರುವುದು 5.6. ಬೆಲೆ ಏರಿದ್ದು 6. ಪಾಸ್‌ಬುಕ್ಕಿನಲ್ಲಿ ದುಡ್ಡು ಬೆಳೆಯುತ್ತಿದ್ದರೂ ಅದರಿಂದ ಬರುವ ಅಕ್ಕಿ ವರ್ಷ ವರ್ಷ ಒಂದಿಷ್ಟು ಕಡಿಮೆ.