ಇಂಗ್ಲಿಷ್ ಪ್ರೊನೌನ್ ಕಲಿಸಲು ನಾನು ಕನ್ನಡದಿಂದ ಶುರು ಮಾಡಿದೆ

ಹಾಸನದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಪಾಠ ಹೇಳುತ್ತೇನೆ. ಆಲೂರು, ಬೇಲೂರು ಕಡೆಯ ಪಿಯುಸಿ ಮಕ್ಕಳೇ ಜಾಸ್ತಿ ಬರುತ್ತಾರೆ. ಹೆಚ್ಚಿನವರು ಕನ್ನಡ ಮೀಡಿಯಂನಲ್ಲಿ ಓದಿದವರು. ಐ, ಮಿ, ಮೈ, ಮೈನ್ ಅಂತ ಪಟ್ಟಿಯನ್ನು ಗಡಗಡ ಒಪ್ಪಿಸುತ್ತಾರೆ. ವಾಕ್ಯ ಬರೆಯಿರಿ ಅಂದಾಗ ಮಾತ್ರ ತಡವರಿಸುತ್ತಾರೆ. ಅವರ ವಾಕ್ಯಗಳನ್ನು ಓದುತ್ತಾ ಹೋದಂತೆ ಒಂದು ವಿಷಯ ಕಂಡಿತು. ತಪ್ಪಾದ ಕಡೆಯಲ್ಲೆಲ್ಲ ಒಳಗೆ ಸರಿಯಾದ ಕನ್ನಡ ಇತ್ತು. ಅದಕ್ಕೇ ಪಟ್ಟಿಯನ್ನು ಬದಿಗಿಟ್ಟೆ.

ಮೊದಲು ತೆಗೆದುಕೊಂಡದ್ದು 'ಅವರು'. 'ಅಪ್ಪ ಬಂದರು, ಅವರು ಊಟ ಮಾಡಿದರು' ಅನ್ನುವುದನ್ನು ಮಕ್ಕಳು 'ಮೈ ಫಾದರ್ ಕೇಮ್, ದೇ ಏಟ್' ಅಂತ ಬರೆಯುತ್ತಾರೆ. ಮನಸ್ಸಿನಲ್ಲಿ ಇರುವುದು ಅಪ್ಪನ ಮೇಲಿನ ಮರ್ಯಾದೆ. "ಸಾರ್, ಅಜ್ಜಿಗೆ ಶಿ ಅಂದ್ರೆ ಅವಳು ಅಂದ ಹಾಗಲ್ವಾ?" ಅಂತ ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಇಂಗ್ಲಿಷಿನಲ್ಲಿ ರಾಣಿಗೂ ಶಿ, ಅಂಗನವಾಡಿ ಹುಡುಗಿಗೂ ಶಿ. ಆ ಪದದಲ್ಲಿ ಏಕವಚನ ಇದೆ, ಅಸಡ್ಡೆ ಇಲ್ಲ ಅಂತ ಹೇಳಿದೆ. ಜೊತೆಗೆ 'ಯು' ಕಥೆಯನ್ನೂ ಹೇಳಿದೆ. ಹಿಂದೆ ಇಂಗ್ಲಿಷಿನಲ್ಲೂ ನೀನು ಅನ್ನಲು 'ದೌ' ಅಂತ ಬೇರೆ ಪದ ಇತ್ತು. 'ಯು' ಬಹುವಚನ. ಆಮೇಲೆ ಮರ್ಯಾದೆಗಾಗಿ ಒಬ್ಬರಿಗೂ ಅದನ್ನೇ ಬಳಸುತ್ತಾ ಬಂದರು, ದೌ ಮರೆಯಾಯಿತು. ಒಬ್ಬರೇ ಎದುರಿಗಿದ್ದರೂ 'ಯು ಆರ್' ಅನ್ನುವುದು ಅದಕ್ಕೇ. ಇದನ್ನು ಕೇಳಿದ ಮೇಲೆ 'ಯು ಈಸ್' ಬರೆಯುವವರು ಕಡಿಮೆಯಾದರು.

ಒಬ್ಬರಿಗೇ 'ದೇ' ಹೇಳುವ ಜಾಗವೂ ಇದೆ. ಯಾರೋ ಬ್ಯಾಗ್ ಬಿಟ್ಟು ಹೋಗಿದ್ದಾರೆ, ಗಂಡಸೋ ಹೆಂಗಸೋ ಗೊತ್ತಿಲ್ಲ. ಆಗ 'ಸಮ್‌ಒನ್ ಲೆಫ್ಟ್ ದೇರ್ ಬ್ಯಾಗ್' ಸರಿ. ಇದು ಇತ್ತೀಚಿನ ಫ್ಯಾಷನ್ ಅಂತ ಕೆಲವರು ಹೇಳುತ್ತಾರೆ. ಆದರೆ ಈ ಬಳಕೆಗೆ ನೂರಾರು ವರ್ಷದ ಇತಿಹಾಸ ಇದೆ.

ಜಾಸ್ತಿ ಹೊತ್ತು ಹಿಡಿದದ್ದು 'ನನಗೆ'. ನನಗೆ ಗೊತ್ತು, ನನಗೆ ಹಸಿವಾಗಿದೆ, ನನಗೆ ಇಬ್ಬರು ತಂಗಿಯರು. ಕನ್ನಡದಲ್ಲಿ ಎಲ್ಲಕ್ಕೂ 'ಗೆ' ಸೇರುತ್ತದೆ. ಇಂಗ್ಲಿಷಿನಲ್ಲಿ ಮೂರೂ 'ಐ'. ಐ ನೋ, ಐ ಆಮ್ ಹಂಗ್ರಿ, ಐ ಹ್ಯಾವ್ ಟೂ ಸಿಸ್ಟರ್ಸ್. 'ನನಗೆ ಪುಸ್ತಕ ಕೊಡು' ಅಂದಾಗ ಮಾತ್ರ 'ಮಿ'. ಹಾಗಾಗಿ ವಿಭಕ್ತಿ ನೋಡಬೇಡಿ, ಜಾಗ ನೋಡಿ ಅಂತ ಹೇಳುತ್ತೇನೆ. ಕ್ರಿಯಾಪದದ ಮುಂಚೆ ಕರ್ತೃವಿನ ಜಾಗದಲ್ಲಿ ಐ, ಹಿ, ಶಿ, ವಿ, ದೇ. ಕ್ರಿಯಾಪದ ಆದ ಮೇಲೆ, ಅಥವಾ ಟು, ಫಾರ್, ವಿತ್, ಬಿಟ್ವೀನ್ ಆದ ಮೇಲೆ ಮಿ, ಹಿಮ್, ಹರ್, ಅಸ್, ದೆಮ್. 'ಹಿ ಕಾಲ್ಡ್ ರಾಜು ಅಂಡ್ ಐ' ಅಂತ ಬರೆದರೆ 'ರಾಜು ಅಂಡ್' ಮೇಲೆ ಬೆರಳಿಟ್ಟು ಮುಚ್ಚಿಸುತ್ತೇನೆ. 'ಹಿ ಕಾಲ್ಡ್ ಐ' ಅಂತ ಓದಿದ ಕೂಡಲೇ ಅವರೇ 'ಮಿ' ಅಂತ ತಿದ್ದಿಕೊಳ್ಳುತ್ತಾರೆ.

'ನಿನ್ನೆ ಸಕಲೇಶಪುರಕ್ಕೆ ಹೋಗಿದ್ದೆ' ಅಂದರೆ ಸಾಕು, ಹೋದವನು ನಾನೇ ಅಂತ 'ಹೋಗಿದ್ದೆ'ಯಲ್ಲೇ ಇದೆ. 'ವೆಂಟ್' ಆ ಸುದ್ದಿ ಹೇಳುವುದಿಲ್ಲ. ಐ ಹೋದದ್ದೋ, ಶಿ ಹೋದದ್ದೋ, ಮೊದಲೇ ಹೇಳಬೇಕು. ಸಕಲೇಶಪುರದಲ್ಲಿ ಮಳೆ ಬರುತ್ತಿದ್ದರೂ 'ಇಟ್ ಈಸ್ ರೈನಿಂಗ್'. ಆ 'ಇಟ್' ಯಾವುದು ಅಂತ ಹುಡುಕಬೇಡಿ, ಅದು ಕರ್ತೃವಿನ ಜಾಗ ತುಂಬಲು ಬಂದದ್ದು.

'ಮೈಸೆಲ್ಫ್ ರಮೇಶ್' ಬದಲು 'ಐ ಆಮ್ ರಮೇಶ್'. 'ಮೈ ಬ್ರದರ್ ಹಿ ವರ್ಕ್ಸ್' ಅನ್ನುವಲ್ಲಿ 'ಹಿ' ಬೇಡ. ಇವು ಬೇಗ ಸರಿಹೋಗುತ್ತವೆ.

ಇಂಗ್ಲಿಷಿಗಿಂತ ಕನ್ನಡ ಹೆಚ್ಚು ಸ್ಪಷ್ಟವಾಗಿರುವ ಒಂದು ಜಾಗ ಇದೆ. ಅದನ್ನು ಹೇಳುವಾಗ ನನಗೆ ನಿಜವಾಗಿ ಖುಷಿ. 'ರಾಜು ಮಂಜನಿಗೆ ತನ್ನ ಮೊಬೈಲ್ ಕೊಟ್ಟ' ಅಂದರೆ ಮೊಬೈಲ್ ರಾಜುವಿನದು. ಇಂಗ್ಲಿಷಿನ 'ಹಿಸ್' ಇಬ್ಬರಲ್ಲಿ ಯಾರದ್ದೂ ಆಗಬಹುದು. ಇದಕ್ಕೆ ಬೇಲೂರಿನ ಮೇಲೆ ಒಂದು ಪ್ಯಾರಾ ಬರೆಸುತ್ತೇನೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯ 'ಇಟ್', ಕಟ್ಟಿಸಿದ ವಿಷ್ಣುವರ್ಧನ 'ಹಿ', ರಾಣಿ ಶಾಂತಲೆ 'ಶಿ', ಶಿಲ್ಪಿಗಳು 'ದೇ'. ನಾಲ್ಕೂ ಒಂದೇ ಕಡೆ ಸಿಗುತ್ತವೆ. ಬರೆದ ಮೇಲೆ ಪ್ರತಿ ಪ್ರೊನೌನಿನಿಂದ ಅದರ ಹೆಸರಿಗೆ ಪೆನ್ಸಿಲಿನಲ್ಲಿ ಬಾಣ ಎಳೆಯಬೇಕು. ವಿಷ್ಣುವರ್ಧನನ ಜೊತೆ ಮಗ ನರಸಿಂಹನೂ ಬಂದ ಕೂಡಲೇ 'ಹಿ'ಯಿಂದ ಹೊರಟ ಬಾಣ ಎರಡು ಕಡೆ ಹೋಗುತ್ತದೆ. ಅಲ್ಲಿ ಪ್ರೊನೌನ್ ಹೊಡೆದು ಹಾಕಿ ಹೆಸರನ್ನೇ ಇನ್ನೊಮ್ಮೆ ಬರೆಯಿಸುತ್ತೇನೆ. ಹೆಸರು ಎರಡು ಸಲ ಬಂದರೆ ಮಾರ್ಕ್ಸ್ ಕಡಿಮೆಯಾಗುತ್ತಾ ಅಂತ ಮಕ್ಕಳು ಕೇಳುತ್ತಾರೆ. ನಾನಂತೂ ಕಡಿಮೆ ಮಾಡುವುದಿಲ್ಲ.